ಬೋರ್ಡಿನ ಮೇಲಿನ ಇಪ್ಪತ್ತನಾಲ್ಕು ಬೆಸುಗೆ

ಕಾಪು
8 ಜುಲೈ 2002

ಡೊಮಿನಿಕ್ ಸರ್ ಅವರಿಗೆ ಸ್ವರ್ಣಲತಾಳ ನಮಸ್ಕಾರಗಳು.

ನೀವು ಬಹರೈನಿಗೆ ಹೋಗಿ ಮೂರು ವರ್ಷವಾಯಿತು. ಅಷ್ಟರಲ್ಲಿ ನೀವು ಒಂದು ಕ್ರಿಸ್‌ಮಸ್ ಕಾರ್ಡು ಕಳಿಸಿದಿರಿ, ನಾನು ಅದಕ್ಕೂ ಉತ್ತರ ಬರೆಯಲಿಲ್ಲ. ಈಗ ಕೆಲಸ ಬಿದ್ದಾಗ ನೆನಪಾಯಿತಾ ಎಂದು ಬೈಯಬೇಡಿ. ಬೈದರೂ ಸರಿ, ಉತ್ತರ ಮಾತ್ರ ಬರೆಯಿರಿ.

ನಮ್ಮ ತರಬೇತಿ ಕೇಂದ್ರಕ್ಕೆ ಈಗ ನಾನೇ ಪ್ರಿನ್ಸಿಪಾಲ್. ಏಪ್ರಿಲಿನಲ್ಲಿ ಹಳೆಯ ಸಾಹೇಬರು ನಿವೃತ್ತರಾದರು, ಆಡಳಿತ ಮಂಡಳಿಯವರು ಬೀಗದಕೈ ಗೊಂಚಲು ತಂದು ನನ್ನ ಕೈಗೆ ಹಾಕಿದರು. ಡ್ರಾಯಿಂಗ್ ಟೀಚರ್ ಪ್ರಿನ್ಸಿಪಾಲ್ ಆದರೆ ಏನಾಗುತ್ತದೆ? ಕಡತಗಳ ಅಂಚು ನೇರವಾಗುತ್ತದೆ. ಬೇರೇನೂ ಆದ ಹಾಗೆ ಕಾಣುವುದಿಲ್ಲ.

ವಿಷಯ ಇದು. ಬರುವ ಜನವರಿಯಲ್ಲಿ ವೆಲ್ಡಿಂಗ್ ವಿಭಾಗದ ಮಾನ್ಯತೆ ಮುಗಿಯುತ್ತದೆ. ಈ ಸಲದ ಪರಿಶೀಲನಾ ತಂಡ ಮೊದಲಿನವರ ಹಾಗೆ ಎಳನೀರು ಕುಡಿದು ಸಹಿ ಹಾಕಿ ಹೋಗುವುದಿಲ್ಲವಂತೆ. ‘ತರಬೇತಿಯ ಗುಣಮಟ್ಟದ ಪುರಾವೆ’ ಎಂದು ಹದಿನಾಲ್ಕು ಪುಟದ ಫಾರಂ ಬಂದಿದೆ. ನಮ್ಮಲ್ಲಿ ಪುರಾವೆ ಅಂದರೆ ಒಂದೇ, ನಿಮ್ಮ ಕಾಲದ ಬೋರ್ಡು. ವರ್ಕ್‌ಶಾಪಿನ ಗೋಡೆಯಲ್ಲಿ ಈಗಲೂ ಉಂಟು. 1992ರಿಂದ 1999ರವರೆಗೆ ವರ್ಷಕ್ಕೆ ಮೂರರಂತೆ ಇಪ್ಪತ್ತನಾಲ್ಕು ವೆಲ್ಡಿಂಗ್ ಪೀಸು, ಪ್ರತಿಯೊಂದರ ಕೆಳಗೆ ಮಾಡಿದ ವಿದ್ಯಾರ್ಥಿಯ ಹೆಸರು, ವರ್ಷ. ಬಂದವರೆಲ್ಲ ಅದರ ಮುಂದೆ ನಿಂತು ತಲೆದೂಗುತ್ತಾರೆ. ಆದರೆ ನೀವು ಹೋದ ಮೇಲೆ ಅಲ್ಲಿಗೆ ಒಂದೂ ಏರಿಲ್ಲ.

ನಿಮ್ಮ ಜಾಗಕ್ಕೆ ಬಂದ ಜಿತೇಶ್ ಮಟ್ಟು ಗ್ರಾಮದವರು. ಮಾತು ಕಡಿಮೆ. ಹೊಸ ಪೀಸು ಯಾಕೆ ಹಾಕಲಿಲ್ಲ ಎಂದು ಕೇಳಿದರೆ “ಹಾಕುವ ಹಾಗಿನದ್ದು ಇನ್ನೂ ಆಗಲಿಲ್ಲ ಮೇಡಂ” ಅನ್ನುತ್ತಾರೆ. ಕಳೆದ ತಿಂಗಳು ನಮ್ಮ ನಾಲ್ವರು ಗಲ್ಫ್ ಕೆಲಸದ ಟೆಸ್ಟಿಗೆ ಮುಂಬಯಿಗೆ ಹೋಗಿ ನಾಲ್ವರೂ ಫೇಲಾಗಿ ಬಂದರು. ಮಂಡಳಿಯ ಅಧ್ಯಕ್ಷ ಮುದ್ದಣ್ಣ ಶೆಟ್ರದ್ದು ಒಂದೇ ಮಾತು, “ಡೊಮಿನಿಕ್ ಇರುವಾಗ ಹೀಗೆ ಇರಲಿಲ್ಲ.”

ನನಗೆ ಗೆರೆ ಗೊತ್ತು, ಬೆಂಕಿ ಗೊತ್ತಿಲ್ಲ. ವೆಲ್ಡಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನಂಥವಳು ತಿಳಿಯುವುದು ಹೇಗೆ, ಹೇಳಿಕೊಡಿ.

ಇತಿ,
ಸ್ವರ್ಣಲತಾ


ಬಹರೈನ್
24 ಜುಲೈ 2002

ಪ್ರಿನ್ಸಿಪಾಲ್ ಮೇಡಂ ಅವರಿಗೆ,

ಪತ್ರ ಓದಿ ಬಹಳ ಸಂತೋಷವಾಯಿತು. ಪ್ಯಾಟ್ರಿಶಿಯಾಳಿಗೂ ಓದಿ ಹೇಳಿದೆ. ನಾನು ಈಗ ಹಡಗು ರಿಪೇರಿಯ ಯಾರ್ಡಿನಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಇನ್ನೊಬ್ಬರ ತಪ್ಪು ಹುಡುಕುವುದಕ್ಕೆ ಸಂಬಳ. “ಈ ಕೆಲಸವನ್ನು ಮೊದಲು ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಿದ್ದಿರಿ” ಎಂದು ಅವಳು ಹೇಳುತ್ತಾಳೆ.

ಟೆಸ್ಟ್ ಸುಲಭ ಉಂಟು. ವೆಲ್ಡಿಂಗಿನ ಮೇಲ್ಮೈಯ ಚೆಂದಕ್ಕೆ ಮರುಳಾಗಬೇಡಿ, ಗ್ರೈಂಡರ್ ಹಾಕಿದರೆ ಹಲಸಿನ ಸಿಪ್ಪೆಯೂ ನುಣ್ಣಗಾಗುತ್ತದೆ. ಎರಡು ಪ್ಲೇಟು ಕೂಡಿದ ಪೀಸನ್ನು ವೈಸಿನಲ್ಲಿ ಬಿಗಿದು, ವೆಲ್ಡಿಂಗಿನ ಬುಡ ಹೊರಗೆ ಬರುವ ಹಾಗೆ ಸುತ್ತಿಗೆಯಿಂದ ಹೊಡೆದು ಬಗ್ಗಿಸಿ. ಕುದುರೆ ಲಾಳದಷ್ಟು ಬಗ್ಗಬೇಕು. ಸರಿಯಾಗಿ ಹಿಡಿದದ್ದು ಸುಮ್ಮನೆ ಬಗ್ಗುತ್ತದೆ. ಹಿಡಿಯದ್ದು ಬಾಯಿ ಬಿಡುತ್ತದೆ. ಕಬ್ಬಿಣಕ್ಕೆ ದಾಕ್ಷಿಣ್ಯ ಇಲ್ಲ ಮೇಡಂ, ನೆವ ಹೇಳಲಿಕ್ಕೂ ಬರುವುದಿಲ್ಲ.

ಈಗಿನ ಮಕ್ಕಳ ಪೀಸುಗಳನ್ನು ಹೀಗೆ ನೋಡಿ. ಬೋರ್ಡಿನದ್ದನ್ನು ಮಾತ್ರ ಮುಟ್ಟಬೇಡಿ. ಸ್ಕ್ರೂ ಎಲ್ಲ ತುಕ್ಕು ಹಿಡಿದಿರುತ್ತದೆ, ಗೋಡೆಯ ಗಾರೆ ಕಿತ್ತು ಬಂದೀತು.

ನಿಮ್ಮ,
ಡೊಮಿನಿಕ್


ಕಾಪು
19 ಆಗಸ್ಟ್ 2002

ಸರ್,

ನಿಮ್ಮ ಪಾಠ ಮಾಡಿ ನೋಡಿದೆ. ಸುತ್ತಿಗೆ ಹಿಡಿದು ನಾನೇ ನಿಂತೆ. ಪ್ರಿನ್ಸಿಪಾಲ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಬ್ಬಿಣ ಬಡಿಯುವುದನ್ನು ನೋಡಲು ಆಫೀಸಿನ ಗುಮಾಸ್ತರೂ ಬಂದು ನಿಂತಿದ್ದರು.

ಈ ವರ್ಷದ ಹನ್ನೊಂದು ಪೀಸಿನಲ್ಲಿ ಏಳು ಬಾಯಿ ಬಿಟ್ಟವು. ಒಳಗೆಲ್ಲ ನೀರುದೋಸೆಯ ಹಾಗೆ ತೂತು. ನಾಲ್ಕು ಮಾತ್ರ ನಿಂತವು. ಅದರಲ್ಲಿ ಒಂದು ಹನುಮೇಶನದ್ದು. ಬಾಗಲಕೋಟೆ ಕಡೆಯಿಂದ ಬಂದು ಮಣಿಪಾಲದಲ್ಲಿ ಕಾಂಕ್ರೀಟ್ ಕೆಲಸ ಮಾಡುವ ಬಸಯ್ಯನವರ ಮಗ.

ನೀವು ಬೇಡ ಎಂದದ್ದನ್ನೂ ಮಾಡಿದೆ, ಸಿಟ್ಟಾಗಬೇಡಿ. ಬೋರ್ಡಿನಿಂದ ಒಂದು ಪೀಸು ಬಿಚ್ಚಿಸಿದೆ. ಗಾರೆ ಏನೂ ಬೀಳಲಿಲ್ಲ. ‘ಲೂಯಿಸ್, 1996’ ಎಂದು ನಿಮ್ಮ ಅಕ್ಷರದಲ್ಲಿ ಬರೆದ ಲೇಬಲ್ ಇತ್ತು. ಎಷ್ಟು ಹೊಡೆದರೂ ಒಂದು ಕೂದಲಿನಷ್ಟು ಬಿರುಕಿಲ್ಲ. ನನಗೆ ಕಣ್ಣು ತುಂಬಿ ಬಂತು, ಒಂದು ಕಾಲಕ್ಕೆ ನಮ್ಮ ಕೇಂದ್ರ ಹೀಗಿತ್ತಲ್ಲ ಎಂದು.

ಪಕ್ಕದಲ್ಲಿ ನಿಂತಿದ್ದ ಜಿತೇಶ್ ಹೇಳಿದ್ದೇನು ಗೊತ್ತಾ? “ಎಂಟು ವರ್ಷದ ಪೀಸಿನಲ್ಲಿ ಒಂದೇ ಕೈ ಕಾಣ್ತದೆ ಮೇಡಂ.” ತನ್ನ ಕೈ ಸೋತಿತೆಂದು ಹಿಂದಿನವರ ಮೇಲೆ ಗುಮಾನಿ ಹುಟ್ಟಿಸುವವರನ್ನು ಕಂಡರೆ ನನಗಾಗುವುದಿಲ್ಲ. ಸಾಲದ್ದಕ್ಕೆ, ವೆಲ್ಡಿಂಗ್ ರಾಡು ಒಣಗಿಸಲು ಓವನ್ ಬೇಕಂತೆ. ನಾವು ಇಲ್ಲಿ ಬೇಕರಿ ಇಟ್ಟಿದ್ದೇವಾ ಎಂದು ಕೇಳಿದೆ. ನಿಮ್ಮ ಕಾಲದಲ್ಲಿ ಇಲ್ಲದ ಓವನ್ ಈಗ ಯಾಕೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಜಿತೇಶ್ ವರ್ಷದಿಂದ ವರ್ಷಕ್ಕೆ ಒಪ್ಪಂದದ ಮೇಲೆ ಇರುವವರು. ದೋಷ ಬೋಧಕರದ್ದೇ ಎಂದು ನಾನು ವರದಿ ಬರೆದರೆ ಡಿಸೆಂಬರಿಗೆ ಅವರನ್ನು ಬಿಡಿಸುವುದೆಂದು ಮಂಡಳಿ ತೀರ್ಮಾನಿಸಿದೆ. ನವೆಂಬರ್ ಇಪ್ಪತ್ತರೊಳಗೆ ವರದಿ ಕೊಡಬೇಕು. ನಿಮ್ಮ ಅಭಿಪ್ರಾಯ ಬರೆಯಿರಿ, ಅದನ್ನೂ ಸೇರಿಸುತ್ತೇನೆ.

ಇತಿ,
ಸ್ವರ್ಣಲತಾ


ಬಹರೈನ್
30 ಸೆಪ್ಟೆಂಬರ್ 2002

ಮೇಡಂ,

ಉತ್ತರ ತಡವಾಯಿತು. ಇಲ್ಲಿ ಸೆಕೆ ಇನ್ನೂ ಇಳಿದಿಲ್ಲ. ಯಾರ್ಡಿಗೆ ದೊಡ್ಡ ಹಡಗೊಂದು ಬಂದಿದೆ, ಪುರುಸೊತ್ತಿಲ್ಲ. ಪ್ಯಾಟ್ರಿಶಿಯಾಳಿಗೆ ಮೊಣಕಾಲು ನೋವು.

ವರದಿಗೆ ಅವಸರ ಮಾಡಬೇಡಿ. ಹೊಸಬರಿಗೆ ಸ್ವಲ್ಪ ಸಮಯ ಕೊಡಬೇಕು. ನನ್ನ ಅಭಿಪ್ರಾಯವೆಲ್ಲ ಎಂತಕ್ಕೆ, ನಾನು ದೂರದಲ್ಲಿ ಇರುವವನು.

ಡೊಮಿನಿಕ್


ಕಾಪು
14 ಅಕ್ಟೋಬರ್ 2002

ಸರ್,

ಒಂದೂವರೆ ತಿಂಗಳು ಕಾಯಿಸಿ ಸೆಕೆಯ ಸುದ್ದಿ ಕಳಿಸಿದ್ದೀರಿ. ಪ್ಯಾಟ್ರಿಶಿಯಾಬಾಯಿಯವರ ಮೊಣಕಾಲು ಬೇಗ ಗುಣವಾಗಲಿ. ಉಳಿದದ್ದಕ್ಕೆ ನನಗೆ ಬೇಸರ ಉಂಟು, ಹೇಳಿಯೇ ಬಿಡುತ್ತೇನೆ. ಕಬ್ಬಿಣಕ್ಕೆ ದಾಕ್ಷಿಣ್ಯ ಇಲ್ಲ ಎಂದು ಕಲಿಸಿದವರು ನೀವು, ಈಗ ದಾಕ್ಷಿಣ್ಯ ಮಾಡು ಅನ್ನುವವರೂ ನೀವು. ಹೊಸಬರು ಅಂದರೆ ಯಾರು? ಜಿತೇಶ್ ಬಂದು ಮೂರು ವರ್ಷವಾಯಿತು.

ಮೊನ್ನೆ ಶನಿವಾರ ಗದ್ದೆಯಲ್ಲಿ ಗುಳ್ಳ ಬದನೆಯ ಗಿಡ ನೆಡಲಿಕ್ಕೆಂದು ಅವರು ಅರ್ಧ ದಿನ ರಜೆ ಕೇಳಿದರು. ತಾಯಿಯೊಬ್ಬರಿಂದ ಆಗುವುದಿಲ್ಲವಂತೆ. ಕೆಲಸ ಹೋದರೂ ಗದ್ದೆ ಉಂಟಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸಹಿ ಹಾಕಿದೆ. “ಡಿಸೆಂಬರ್ ಕೊನೆಗೆ ಕೊಯ್ಲು ಸುರುವಾಗ್ತದೆ, ನಿಮಗೂ ತರ್ತೇನೆ ಮೇಡಂ” ಅಂದರು. ಆ ಹೊತ್ತಿಗೆ ಅವರು ಇಲ್ಲಿ ಇರುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲ. ನಾನು ಕೊಡೆ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ವರದಿಯ ಕರಡು ಸಿದ್ಧವಿದೆ. ಅದರ ಜೊತೆ ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬರನ್ನು ಪರಿಶೀಲನಾ ತಂಡದ ಮುಂದೆ ಮಾತಾಡಿಸಬೇಕೆಂದಿದ್ದೇನೆ. ಆ ಲೂಯಿಸ್ ಈಗ ಕಾರ್ಕಳದಲ್ಲಿ ಗ್ರಿಲ್ ಕೆಲಸದ ಅಂಗಡಿ ಇಟ್ಟಿದ್ದಾರಂತೆ. ಬಿಡುವು ಮಾಡಿಕೊಂಡು ಹೋಗಿ ಬರುತ್ತೇನೆ.

ಸ್ವರ್ಣಲತಾ


ಬಹರೈನ್
2 ನವೆಂಬರ್ 2002

ಸ್ವರ್ಣಲತಾ ಮೇಡಂ,

ಆ ಇಪ್ಪತ್ತನಾಲ್ಕೂ ನಾನು ಮಾಡಿದ್ದು.

ಇದೊಂದು ಸಾಲು ಬರೆಯಲು ಆರು ಹಾಳೆ ಹರಿದಿದ್ದೇನೆ. ಆರರಲ್ಲೂ ಸೆಕೆಯ ಸುದ್ದಿಯೇ ಇತ್ತು.

1992ರಲ್ಲಿ ಮೊದಲ ಪರಿಶೀಲನೆಗೆ ಹನ್ನೊಂದು ದಿನ ಇರುವಾಗ ನಮಗೆ ವೆಲ್ಡಿಂಗ್ ಮೆಷಿನ್ ಬಂತು. ಮಕ್ಕಳಿಗೆ ಹೋಲ್ಡರ್ ಹಿಡಿಯಲಿಕ್ಕೂ ಬರುತ್ತಿರಲಿಲ್ಲ. “ಏನಾದರೂ ಮಾಡಿ ಡೊಮಿನಿಕ್” ಎಂದರು ಹಳೆಯ ಸಾಹೇಬರು. ಏನಾದರೂ ಅಂದರೆ ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕತ್ತರಿಸಿ ಇಟ್ಟ ಪ್ಲೇಟು ಇಪ್ಪತ್ತನಾಲ್ಕು ಜೋಡಿ ಇತ್ತು, ಎಲ್ಲವನ್ನೂ ಕೂಡಿಸಿದೆ. ಮೂರನ್ನು ಮೂವರ ಹೆಸರಿನಲ್ಲಿ ಬೋರ್ಡಿಗೆ ಹಾಕಿದೆ. ಬಂದವರು ಬೆನ್ನು ತಟ್ಟಿದರು.

ಉಳಿದ ಇಪ್ಪತ್ತೊಂದಕ್ಕೆ ಗ್ರೀಸ್ ಹಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಮರುವರ್ಷ ಮಕ್ಕಳದ್ದೇ ಹಾಕುವ ಎಂದುಕೊಂಡಿದ್ದೆ. ಆದರೆ ನನ್ನದರ ಪಕ್ಕದಲ್ಲಿ ಇಟ್ಟಾಗ ಅವರದ್ದು ಸಣ್ಣದಾಗಿ ಕಂಡಿತು. ಕಳೆದ ವರ್ಷಕ್ಕಿಂತ ಇಳಿದಿರಿ ಎಂದು ಯಾರಾದರೂ ಹೇಳಿಯಾರು ಎಂಬ ಹೆದರಿಕೆ. ಪೆಟ್ಟಿಗೆ ತೆರೆದೆ. ಹಾಗೆಯೇ ವರ್ಷಕ್ಕೆ ಮೂರು. 1999ರಲ್ಲಿ ಪೆಟ್ಟಿಗೆ ಖಾಲಿಯಾಯಿತು. ಆ ವರ್ಷವೇ ನಾನು ವೀಸಾ ಮಾಡಿಸಿದೆ. ನೀವೆಲ್ಲ ಶಾಲು ಹೊದಿಸಿ ಕಳಿಸಿಕೊಟ್ಟಿರಿ.

ಇನ್ನೊಂದು ಉಂಟು, ಅದು ಇದಕ್ಕಿಂತ ಕೆಟ್ಟದ್ದು. ಕಾಪುವಿನ ಕಡಲ ಗಾಳಿಗೆ ರಾಡಿನ ಮೇಲಿನ ಲೇಪ ನೀರು ಹೀರುತ್ತದೆ. ಹಸಿ ರಾಡಿನಲ್ಲಿ ಎಂಥ ಕೈಯೂ ಸೋಲುತ್ತದೆ, ನೀವು ನೋಡಿದ ತೂತು ಅದೇ. ನನಗೆ ಅದು ಗೊತ್ತಿತ್ತು. ಕಾರ್ಕಳದಲ್ಲಿ ನನ್ನ ಅಣ್ಣ ಪ್ಯಾಟ್ರಿಕ್‌ನ ಬೇಕರಿ ಉಂಟು. ಬನ್ನು ತೆಗೆದ ಮೇಲೆ ಬಿಸಿ ಗೂಡಿನಲ್ಲಿ ರಾಡು ಒಣಗಿಸಿ ತಂದು ಆ ಇಪ್ಪತ್ತನಾಲ್ಕನ್ನು ಮಾಡಿದೆ. ಮಕ್ಕಳಿಗೆ ಮಾತ್ರ ಪ್ಯಾಕೆಟ್ಟಿನ ಹಸಿ ರಾಡೇ. ಓವನ್ ಬೇಕೆಂದು ಕೇಳಿದರೆ, ಅದಿಲ್ಲದೆ ಇಷ್ಟು ಒಳ್ಳೆಯ ಪೀಸು ಹೇಗೆ ಬಂತು ಎಂದು ಕೇಳುತ್ತಿದ್ದರು. ಬೋರ್ಡು ನನ್ನ ಬಾಯಿಗೇ ಬೀಗ ಹಾಕಿತ್ತು. ‘ನಾವು ಬೇಕರಿ ಇಟ್ಟಿದ್ದೇವಾ’ ಎಂದು ನೀವು ಬರೆದದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಲೂಯಿಸ್ ಮುಂಬಯಿ ಟೆಸ್ಟಿನಲ್ಲಿ ಫೇಲಾಗಿ ಬಂದಾಗ, ಬೋರ್ಡಿನಲ್ಲಿ ಹೆಸರು ಇರುವವನು ಹೀಗೆ ಮಾನ ಕಳೆಯುವುದಾ ಎಂದು ಎಲ್ಲರ ಎದುರಿಗೆ ಬೈದೆ. ಅವನು ನನ್ನ ಮುಖ ನೋಡಿದ. ಪೀಸು ಯಾರದ್ದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಮುಖ ನನ್ನ ಜೊತೆ ಬಹರೈನಿಗೂ ಬಂದಿದೆ.

ಜಿತೇಶರದ್ದು ತಪ್ಪಿಲ್ಲ. ಸುಳ್ಳು ಪೀಸು ಹಾಕದೆ ಬೋರ್ಡಿನಲ್ಲಿ ಜಾಗ ಖಾಲಿ ಬಿಟ್ಟ ಬೋಧಕರು ಅವರು. ಮಂಡಳಿಗೆ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಕೊಡಿ. ನನ್ನ ಹೆಸರಿಗೆ ಏನಾಗುತ್ತದೋ ಆಗಲಿ.

ಡೊಮಿನಿಕ್


ಕಾಪು
3 ನವೆಂಬರ್ 2002, ಭಾನುವಾರ

ಡೊಮಿನಿಕ್ ಸರ್,

ಇವತ್ತು ಬೆಳಿಗ್ಗೆ ಕಾರ್ಕಳಕ್ಕೆ ಹೋಗಿದ್ದೆ. ಲೂಯಿಸ್ ಕುರ್ಚಿ ಒರೆಸಿ ಕೂರಿಸಿದರು, ಸೋಡಾ ತರಿಸಿದರು. ಜನವರಿಯಲ್ಲಿ ಬಂದು ನಿಮ್ಮ ಪೀಸಿನ ಬಗ್ಗೆ ಎರಡು ಮಾತು ಹೇಳಿ ಎಂದೆ. “ಎಂತ ಹೇಳುವುದು ಮೇಡಂ? ಹೆಸರು ನನ್ನದು. ಪೀಸು ನನ್ನದಲ್ಲ” ಅಂದರು. ಮತ್ತೆ ಯಾರದ್ದು ಎಂದು ಕೇಳಿದ್ದಕ್ಕೆ ಖಾಲಿ ಸೋಡಾ ಬಾಟ್ಲಿ ಎತ್ತಿಕೊಂಡು ಒಳಗೆ ಹೋದರು. ಎದ್ದು ಬರುವಾಗ ಬಾಗಿಲವರೆಗೆ ಬಂದು ಹೇಳಿದರು, “ಸರ್‌ಗೆ ಹೇಳಬೇಡಿ ಮೇಡಂ. ಅವರಿಗೆ ಬೇಜಾರಾದೀತು.”

ಹೇಳುತ್ತಿದ್ದೇನೆ. ಗೆರೆ ನೋಡಿ ಯಾರ ಡ್ರಾಯಿಂಗ್ ಎಂದು ಹೇಳುವವಳು ನಾನು. ವಾಪಸು ಬಂದು ವರ್ಕ್‌ಶಾಪಿನ ಬೀಗ ತೆಗೆಸಿ ಬೋರ್ಡಿನ ಮುಂದೆ ಒಂದು ಗಂಟೆ ನಿಂತೆ. ಜಿತೇಶ್ ಹೇಳಿದ್ದು ಸರಿ. ಒಂದೇ ಕೈ. ಇಷ್ಟು ವರ್ಷ ಕಾಣದೆ ಇದ್ದದ್ದು ನನ್ನ ಕಣ್ಣಿನ ದೋಷವಲ್ಲ, ನಿಮ್ಮ ಮೇಲಿನ ನಂಬಿಕೆಯ ದೋಷ.

ಮುದ್ದಣ್ಣ ಶೆಟ್ರ ಮನೆಗೂ ಹೋದೆ. “ಫೇಲಾದವನ ಮಾತು ಕಟ್ಟಿಕೊಂಡು ಡೊಮಿನಿಕ್ ಮೇಲೆ ಅಪವಾದ ಹಾಕುವುದಾ? ಡೊಮಿನಿಕ್ ಬರೆದು ಕೊಡಲಿ, ಮತ್ತೆ ನೋಡುವ” ಎಂದರು.

ಇದನ್ನು ನಾಳೆ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ. ನನಗೆ ಸಮಜಾಯಿಷಿ ಬೇಡ, ಒಂದು ಸಾಲು ಮತ್ತು ಸಹಿ ಸಾಕು. ಇಪ್ಪತ್ತನೇ ತಾರೀಕಿನವರೆಗೆ ಕಾಯುತ್ತೇನೆ. ಬರದಿದ್ದರೂ ಜಿತೇಶರ ವಿರುದ್ಧ ನಾನು ಬರೆಯುವುದಿಲ್ಲ. ಅವರನ್ನು ಬಿಡಿಸುವುದಾದರೆ ಬೀಗದಕೈ ಗೊಂಚಲನ್ನೂ ಜೊತೆಗೇ ಒಪ್ಪಿಸುತ್ತೇನೆ.

ಸ್ವರ್ಣಲತಾ


ಕಾಪು
18 ನವೆಂಬರ್ 2002

ಸರ್,

ನಿಮ್ಮ ಪತ್ರ ಹದಿನಾಲ್ಕಕ್ಕೆ ಬಂತು. ನನ್ನ ಪತ್ರಕ್ಕೆ ಉತ್ತರವೆಂದೇ ಒಡೆದೆ. ಓದಿ ಮುಗಿಸಿದ ಮೇಲೆ ತಾರೀಕು ನೋಡಿದೆ. ನವೆಂಬರ್ ಎರಡು. ನಾನು ಲೂಯಿಸ್‌ರನ್ನು ಕಂಡದ್ದು ಮೂರಕ್ಕೆ. ನಂಬಿಕೆ ಬಾರದೆ ಕನ್ನಡಕ ಹಾಕಿಕೊಂಡು ಲಕೋಟೆಯ ಅಂಚೆ ಮುದ್ರೆಯನ್ನೂ ನೋಡಿದೆ, ಕ್ಷಮಿಸಿ. ಸಿಕ್ಕಿಬಿದ್ದು ಹೇಳಿದ್ದಲ್ಲ, ನೀವಾಗಿ ಹೇಳಿದ್ದು. ನಮ್ಮ ಎರಡು ಪತ್ರ ಆಕಾಶದಲ್ಲಿ ಎಲ್ಲೋ ಒಂದನ್ನೊಂದು ದಾಟಿ ಹೋಗಿವೆ. ನನಗೆ ಅತ್ತೂ ಅತ್ತೂ ಹಗುರವಾಯಿತು.

ನಾನೂ ಒಂದು ಮುಚ್ಚಿಟ್ಟಿದ್ದೆ. ಓವನ್ ಬೇಕೆಂದು ಜಿತೇಶ್ ಬರೀ ಬಾಯಲ್ಲಿ ಕೇಳಿದ್ದಲ್ಲ, ಮೂರು ಸಲ ಬರೆದು ಕೊಟ್ಟಿದ್ದರು. ಮೊದಲಿನ ಎರಡು ಹಳೆಯ ಸಾಹೇಬರ ಕಾಲದ್ದು. ಮೂರನೆಯದರ ಮೇಲೆ ಕೆಂಪು ಶಾಯಿಯಲ್ಲಿ ‘ಹಿಂದಿನ ಬೋಧಕರಿಗೆ ಬೇಕಾಗಿರಲಿಲ್ಲ, ಅನವಶ್ಯಕ’ ಎಂದು ಬರೆದದ್ದು ನಾನು. ನೆಲವೇ ಡೊಂಕಾಗಿತ್ತು ಸರ್, ನಾನು ಕುಣಿಯುವವರಿಗೆ ಬೈದೆ.

ಆ ನಾಲ್ಕು ಪೀಸು ಯಾಕೆ ನಿಂತವು ಎಂದು ಈಗ ಜಿತೇಶರನ್ನು ಕೇಳಿದೆ. ಓವನ್ ಇಲ್ಲವಲ್ಲ, ರಾಡನ್ನು ಮನೆಗೆ ಕೊಂಡುಹೋಗಿ ಒಲೆಯ ದಂಡೆಯಲ್ಲಿ ಇಟ್ಟು ತನ್ನಿ ಎಂದು ಅವರು ಹನ್ನೊಂದು ಮಂದಿಗೂ ಹೇಳಿದ್ದರಂತೆ. ನಾಲ್ವರ ಮನೆಯಲ್ಲಿ ಮಾತ್ರ ಸೌದೆ ಒಲೆ. ಏಳು ಮನೆಯಲ್ಲಿ ಗ್ಯಾಸು. ಹನುಮೇಶನ ತಾಯಿ ಶರಣಮ್ಮ ರೊಟ್ಟಿ ಸುಟ್ಟ ಕೆಂಡದ ಪಕ್ಕದಲ್ಲೇ ರಾಡು ಇಟ್ಟು ಕೊಡುತ್ತಿದ್ದರಂತೆ.

ಮಂಡಳಿಗೆ ನಿಮ್ಮ ಹಾಳೆ ಕೊಟ್ಟೆ. ಮುದ್ದಣ್ಣ ಶೆಟ್ರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಜಿತೇಶರನ್ನು ಬಿಡಿಸುವ ಮಾತು ಅಲ್ಲಿಗೇ ನಿಂತಿತು. ನಾನು ಅವರ ಕ್ಷಮೆ ಕೇಳಿದೆ. “ಓವನ್ ಯಾವಾಗ ಬರ್ತದೆ ಮೇಡಂ?” ಎಂದರು ಅಷ್ಟೇ.

ಸ್ವರ್ಣಲತಾ


ಬಹರೈನ್
9 ಡಿಸೆಂಬರ್ 2002

ಮೇಡಂ,

ಎರಡೂ ಪತ್ರ ಬಂದವು. ಮೊದಲಿನದ್ದನ್ನು ಪ್ಯಾಟ್ರಿಶಿಯಾಳಿಗೆ ಓದಿ ಹೇಳಲು ನನ್ನಿಂದಾಗಲಿಲ್ಲ, ಅವಳೇ ತೆಗೆದುಕೊಂಡು ಓದಿದಳು.

ಲೂಯಿಸ್‌ಗೆ ಬೇರೆಯೇ ಪತ್ರ ಹಾಕಿದ್ದೇನೆ. ತಪ್ಪಾಯಿತು ಎಂದು ಬರೆದೆ. ಪ್ಯಾಟ್ರಿಕ್‌ಗೂ ಬರೆದಿದ್ದೇನೆ, ಓವನ್ ಬರುವ ತನಕ ಯಾರು ರಾಡು ತಂದರೂ ಗೂಡಿನಲ್ಲಿ ಜಾಗ ಕೊಡುತ್ತಾನೆ.

ಬೋರ್ಡನ್ನು ಕೆಳಗಿಳಿಸಿ.

ಡೊಮಿನಿಕ್


ಕಾಪು
27 ಜನವರಿ 2003

ಪ್ರೀತಿಯ ಸರ್,

ಪರಿಶೀಲನೆ ಮುಗಿಯಿತು. ಬೋರ್ಡನ್ನು ಇಳಿಸಲಿಲ್ಲ, ಪೀಸುಗಳನ್ನು ಇಳಿಸಿದೆವು. ಅವುಗಳ ಜಾಗದಲ್ಲಿ ಈ ವರ್ಷದ ಹನ್ನೊಂದನ್ನೂ ಬಗ್ಗಿಸಿದ ಹಾಗೆಯೇ ತೂಗುಹಾಕಿದೆವು, ಬಾಯಿ ಬಿಟ್ಟದ್ದನ್ನು ಕೂಡ. ಬೇಕರಿಯಲ್ಲಿ ಒಣಗಿಸಿದ ರಾಡಿನಲ್ಲಿ ಮಕ್ಕಳು ಮತ್ತೆ ಮಾಡಿದ್ದನ್ನು ಪ್ರತಿಯೊಂದರ ಪಕ್ಕದಲ್ಲಿ ಇಟ್ಟೆವು. ಈ ಸಲ ಒಂಬತ್ತು ನಿಂತಿವೆ. ಹದಿನಾಲ್ಕು ಪುಟದ ಫಾರಮಿಗೆ ನಿಮ್ಮ ಹಾಳೆಯ ಪ್ರತಿಯನ್ನೂ ಪಿನ್ ಮಾಡಿದೆ.

ತಂಡದ ಹಿರಿಯರು ಬಾಯಿ ಬಿಟ್ಟ ಪೀಸು ತೋರಿಸಿ “ಇದನ್ನೆಲ್ಲ ಯಾಕೆ ಹಾಕಿದ್ದೀರಿ?” ಎಂದು ಕೇಳಿದರು. ಜಿತೇಶ್ ಹೇಳಿದರು, “ಅದು ಯಾಕೆ ಬಿಟ್ಟಿತೂಂತ ನಮಗೆ ಗೊತ್ತುಂಟು ಸರ್, ಅದಕ್ಕೆ.” ಮೂರೂವರೆ ವರ್ಷದಲ್ಲಿ ನಾನು ಅವರ ಬಾಯಲ್ಲಿ ಕೇಳಿದ ಉದ್ದದ ಮಾತುಗಳಲ್ಲಿ ಅದೂ ಒಂದು.

ಐದು ವರ್ಷದ ಮಾನ್ಯತೆ ಸಿಗಲಿಲ್ಲ, ಒಂದು ವರ್ಷದ್ದು ಕೊಟ್ಟಿದ್ದಾರೆ. ಮುಂದಿನ ಜನವರಿಗೆ ಮತ್ತೆ ಬರುತ್ತಾರಂತೆ. ಮುದ್ದಣ್ಣ ಶೆಟ್ರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು, ಮೂರನೇ ದಿನ ಓವನ್ ತರಿಸಲು ಸಹಿ ಹಾಕಿದರು. ಜಿತೇಶರ ಒಪ್ಪಂದ ಮುಂದುವರಿದಿದೆ. ಗುಳ್ಳ ತಂದುಕೊಟ್ಟರು, ಹುಳಿ ಮಾಡಿದೆ. ಅಂಥ ಹುಳಿ ನಾನು ಈ ಕೈಯಿಂದ ಹಿಂದೆ ಮಾಡಿದ್ದು ನೆನಪಿಲ್ಲ.

ನಿಮ್ಮ ಇಪ್ಪತ್ತನಾಲ್ಕನ್ನು ಗುಜರಿಗೆ ಹಾಕಲು ಹೊರಟಿದ್ದೆ. ಜಿತೇಶ್ ತಡೆದು ಒಂದನ್ನು ತೆಗೆದಿಟ್ಟರು. ‘ಡೊಮಿನಿಕ್, ಬೋಧಕರು, 1992’ ಎಂದು ಬರೆಸಿ ಬೋರ್ಡಿನ ಮೇಲ್ತುದಿಯಲ್ಲಿ ಹಾಕಿದ್ದಾರೆ. ಕಲಿಸುವವರ ಕೈ ಹೇಗಿತ್ತು ಎಂದು ಮಕ್ಕಳು ನೋಡಲಿ ಎಂದರು.

ನಿನ್ನೆ ಬೆಳಿಗ್ಗೆ ಧ್ವಜ ಹಾರಿಸಿ ಎಲ್ಲರೂ ಹೊರಡುವ ಹೊತ್ತಿಗೆ ಲೂಯಿಸ್ ಬಂದರು. ಕೈಯಲ್ಲಿ ತಮ್ಮದೇ ಗ್ಲೌಸು, ಪ್ಯಾಟ್ರಿಕರ ಬೇಕರಿಯ ಬನ್ನಿನ ಕಾಗದದಲ್ಲಿ ಸುತ್ತಿದ ರಾಡು. “ಒಂದು ಪೀಸು ಮಾಡಲಾ ಮೇಡಂ?” ಎಂದು ಕೇಳಿದರು. ಮೊದಲನೆಯದು ಬಾಯಿ ಬಿಟ್ಟಿತು. ನಕ್ಕು ಪಕ್ಕಕ್ಕಿಟ್ಟು ಇನ್ನೊಂದು ಮಾಡಿದರು. ಅದನ್ನು ಬಗ್ಗಿಸಲು ಜಿತೇಶ್ ಸುತ್ತಿಗೆ ಎತ್ತಿಕೊಂಡಾಗ ಲೂಯಿಸ್ ಕೈಚಾಚಿ ಅದನ್ನು ತೆಗೆದುಕೊಂಡರು. ತಾವೇ ಹೊಡೆದರು. ಲಾಳದಷ್ಟು ಬಗ್ಗಿತು, ಹೊರಮೈಯಲ್ಲಿ ಬೆರಳು ಆಡಿಸಿ ನೋಡಿದೆ. ಏನೂ ಇಲ್ಲ.

ಹೊಸ ಲೇಬಲ್ ಬರೆಯಲು ನಾನು ಸ್ಕೇಲು, ಪೆನ್ನು ತೆಗೆದೆ. ಲೂಯಿಸ್ ಬೇಡ ಎಂದರು. ಆಗಸ್ಟಿನಲ್ಲಿ ಬಿಚ್ಚಿ ನನ್ನ ಡ್ರಾವರಿನಲ್ಲಿ ಇಟ್ಟಿದ್ದ ಹಳೆಯದನ್ನು ಕೇಳಿ ತೆಗೆದುಕೊಂಡು, ಅಂಟು ಹಚ್ಚಿ, ಪೀಸಿನ ಕೆಳಗೆ ಅದನ್ನೇ ಅಂಟಿಸಿದರು. ‘ಲೂಯಿಸ್, 1996.’ “ಆ ವರ್ಷ ನಾನು ಮಾಡಬೇಕಾಗಿದ್ದ ಪೀಸು ಇದು ಮೇಡಂ” ಅಂದರು. ನಿಮ್ಮದೇ ಅಕ್ಷರ ಸರ್. ಈಗ ಅದನ್ನು ತಿದ್ದಬೇಕಾಗಿಲ್ಲ.

ಸ್ವರ್ಣಲತಾ